ಐರ್ಲೆಂಡ್ ಸಾಹೇಬ್ರು, ಬಾರಿನ ಪರದೆ ಮತ್ತು ನಮ್ಮತ್ತೆ

ಹೊರದೇಶದಿಂದ ಯಂತ್ರ ಬಂದ್ರೆ ಜೊತೆಗೊಬ್ಬ ಮನುಷ್ಯನೂ ಬರ್ತಾನೆ. ಯಂತ್ರ ಹೇಳಿದ ಹಾಗೆ ಕೇಳುತ್ತೆ, ಮನುಷ್ಯ ಕೇಳಲ್ಲ. ನಮ್ಮ ಮಾಲೂರಿನ ಕಾರ್ಖಾನೆಗೆ ಹಾಲು ತಣ್ಣಗಾಗಿಸೋ ಯಂತ್ರ ಕೂರಿಸೋಕೆ ಐರ್ಲೆಂಡಿನಿಂದ ಒಬ್ಬ ಇಂಜಿನಿಯರ್ ಬಂದಿದ್ರು. ಅವರನ್ನ ಸುತ್ತಾಡಿಸೋ ಕೆಲಸ ನನಗೆ ಬಿತ್ತು. ನಾನೋ, "ಕುಡಿತ ಅಂದ್ರೇನು ಅಂತಾನೇ ಗೊತ್ತಿಲ್ಲ" ಅಂತ ಸುಗಟೂರಿನ ಅತ್ತೆ ಮುಂದೆ ಆಣೆ ಮಾಡಿ ಹೆಣ್ಣು ತಂದವನು. ಕುಡಿದಿದ್ದು ಗೊತ್ತಾದ್ರೆ ಮಗಳನ್ನ ಅವತ್ತೇ ಕರ್ಕೊಂಡು ಹೋಗ್ತೀನಿ ಅಂದಿದ್ರು ಅತ್ತೆ.

ಪರದೆ

ಮೊದಲನೇ ಸಂಜೆ ಬಾರಿಗೆ ಹೋದ್ವಿ. ನಾನು ರೂಢಿಯಂತೆ ಮುಖಕ್ಕೆ ಟವೆಲ್ ಸುತ್ಕೊಂಡು ಪರದೆ ಹಾಕಿದ ಮೂಲೆಗೆ ನುಗ್ಗಿದೆ. ಸಾಹೇಬ್ರು, "ಇಲ್ಲಿ ಇಂಜೆಕ್ಷನ್ ಕೊಡ್ತಾರಾ?" ಅಂದ್ರು. ನನ್ನನ್ನೂ ಪರದೆಯಿಂದ ಹೊರಗೆಳೆದು ಬಾರಿನ ನಟ್ಟನಡುವೆ ಕೂತು, ಪಕ್ಕದವರ ಊರು, ಹಸು, ಮಕ್ಕಳು ಎಲ್ಲಾ ವಿಚಾರಿಸಿದ್ರು. ಅವರ ಕಡೆ ಒಬ್ಬ ಎಲ್ಲರಿಗೂ ಕೊಡಿಸಿದ್ರೆ, ಮಿಕ್ಕವರೂ ಸರದಿ ಪ್ರಕಾರ ಎಲ್ಲರಿಗೂ ಕೊಡಿಸ್ಬೇಕಂತೆ. ಸರದಿ ತಪ್ಪಿಸಿದವನಿಗೆ ಊರಲ್ಲಿ ಮರ್ಯಾದೆ ಇಲ್ವಂತೆ. ಆದ್ರೆ ಸಾಹೇಬ್ರಿಗೆ ಒಂದು ಗ್ಲಾಸ್ ಮುಗಿಸೋಕೆ ಗಂಟೆ ಮೇಲಾಯ್ತು! ನಾವೋ, ಕಡ್ಲೆಬೀಜ ಬರೋದ್ರೊಳಗೆ ಕ್ವಾರ್ಟರ್ ಮುಗಿಸಿ ಬಾಯಿ ಒರೆಸ್ಕೊಳ್ಳೋ ಜನ. ಕ್ಯಾಲನೂರಿನ ಯಜಮಾನರೊಬ್ರು ನನ್ನ ಕಿವೀಲಿ, "ಪಾಪ, ಅವ್ರಿಗೆ ಗಂಟಲು ನೋವೇನಪ್ಪಾ?" ಅಂದ್ರು.

ಅಮ್ಮ

ಇನ್ನೊಂದು ದಿನ ಬಾರಿನಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ರು. ನೋಡಿದ್ರೆ ಆಯಮ್ಮನೂ ಬಾರಲ್ಲೇ! ಕೈಯಲ್ಲಿ ಕರೀ ಬಿಯರ್, ಪಕ್ಕದಲ್ಲಿ ಚರ್ಚಿನ ಪಾದ್ರಿ, ಅವರ ಕೈಯಲ್ಲೂ ಒಂದು. ಅಬ್ಬಬ್ಬಾ! ನಾನು ಎದ್ದು ನಿಂತು ನನ್ನ ಗ್ಲಾಸನ್ನ ಬೆನ್ನ ಹಿಂದೆ ಬಚ್ಚಿಟ್ಟೆ. "ನಿಮ್ಮಮ್ಮ ಏನು ಕುಡೀತಾರೆ?" ಅಂತ ಆಯಮ್ಮ ಕೇಳಿದ್ರು. ರಾಗಿ ಅಂಬಲಿ, ಒಂದು ರಾತ್ರಿ ಹುಳಿ ಬರಿಸ್ತಾರೆ ಅಂತ ವಿವರಿಸಿದೆ.

"ಒಂದೇ ರಾತ್ರೀನಾ?" ಅಂತ ಆಯಮ್ಮ ಪಾದ್ರಿ ಮುಖ ನೋಡಿದ್ರು.

ಎದೆ ಮೇಲಿನ ಪಿನ್ನು

ಆಮೇಲೆ ಬಂದ ಸಾಹೇಬ್ರ ಜೊತೆಗಾರ ಹನಿ ಮುಟ್ಟಲ್ಲ. ಚಿಕ್ಕಂದಿನಲ್ಲೇ ಚರ್ಚಿನಲ್ಲಿ ಕುಡಿಯಲ್ಲ ಅಂತ ವ್ರತ ಹಿಡಿದು, ಅದರ ಗುರುತಿಗೆ ಅಂಗಿ ಎದೆಗೆ ಪಿನ್ನು ಚುಚ್ಕೊಂಡವರಂತೆ. ಆದ್ರೂ ಬಾರು ಮುಚ್ಚೋವರೆಗೂ ನಿಂಬೆ ಸೋಡಾ ಹಿಡಿದು ಕೂತು, ಎಲ್ಲರಿಗಿಂತ ಜೋರಾಗಿ ಹಾಡಿದ್ರು. ಕುಡೀದೇನೇ ಹಿಂಗೆ ಕುಣಿಯೋ ಮನುಷ್ಯನ್ನ ನಾನು ಕಂಡೇ ಇರಲಿಲ್ಲ, ಕೈ ಮುಗಿಯೋಣ ಅನ್ನಿಸ್ತು. ಸಪ್ಲೈಯರ್ ಬಂದು, "ಆ ಸೋಡಾ ಯಾವ ಬಾಟ್ಲಿದು? ನಂಗೂ ಅದೇ ಬೇಕು ಅಂತ ಎಲ್ಲಾ ಕೇಳ್ತಾವ್ರೆ" ಅಂದ.

ಸುಗಟೂರಿನ ಊಟ

ಸಾಹೇಬ್ರು ಊರಿಗೆ ಹೊರಡೋ ಮುಂಚೆ ಅತ್ತೆ ಮನೆಗೆ ಊಟಕ್ಕೆ ಕರೆದೆ. ನನ್ನ ಗ್ರಹಚಾರ. ಮುದ್ದೆ ಮುರೀತಾ ಸಾಹೇಬ್ರು ಇಂಗ್ಲಿಷಲ್ಲಿ, "ನಿಮ್ಮ ಅಳಿಯ ಬಂಗಾರ! ಬಾರಲ್ಲಿ ಒಂದು ಸರದೀನೂ ತಪ್ಪಿಸಿಲ್ಲ" ಅಂತ ಅತ್ತೆಗೆ ಹೇಳಿದ್ರು. ನಾನು, "ಕಾರ್ಖಾನೇಲಿ ಒಂದು ಪಾಳೀನೂ ತಪ್ಪಿಸಿಲ್ಲ ಅಂತಾವ್ರೆ" ಅಂತ ಕನ್ನಡ ಮಾಡಿದೆ. ಅತ್ತೆ ಮುಖ ಅರಳಲಿಲ್ಲ ಅಂತ ಸಾಹೇಬ್ರು, ಹೆಬ್ಬೆರಳನ್ನ ಬಾಯಿಗೆತ್ತಿ ಗಟಗಟ ಕುಡಿಯೋ ಹಾಗೆ ಮಾಡಿ, ನನ್ನ ಭುಜ ತಟ್ಟಿದ್ರು.

ಅತ್ತೆ ಎದ್ದು ಒಳಗೆ ಹೋದ್ರು. ಮುಗೀತು, ಅಡುಗೆಮನೇಲಿದ್ದ ಮಗಳಿಗೆ ನೀನಿನ್ನು ಇಲ್ಲೇ ಇರು ಅನ್ನೋಕೇ ಹೋದ್ರು ಅಂದ್ಕೊಂಡೆ.

ರಾಗಿ ಡಬ್ಬದ ಹಿಂದಿನಿಂದ ಅರ್ಧ ಬಾಟ್ಲಿ ಬ್ರಾಂದಿ ತಂದು ನಡುಮನೇಲಿ ಕುಕ್ಕಿದ್ರು. ಮಾವ ತುತ್ತು ಬಿಟ್ಟು, "ಅಯ್ಯೋ, ದೇವರಾಣೆ ನಂದಲ್ಲ ಕಣೇ!" ಅಂದ್ರು. "ನಂದೂ ಅಲ್ಲ ಅತ್ತೆ!" ಅಂದೆ ನಾನು.

ಅತ್ತೆ ಸಾಹೇಬ್ರ ಲೋಟಕ್ಕೆ ಬಗ್ಗಿಸ್ತಾ, "ನಿಮ್ಮದು ಅಂತ ಯಾರಂದ್ರು? ಸುಮ್ನೆ ಉಣ್ಣಿ ಇಬ್ರೂ. ಇದು ನಂದು" ಅಂದ್ರು.