ಮೆನುವಿನಲ್ಲಿ ನನ್ನ ಸರ್ಕಾರ

ನೀವೇ ಹೇಳಿ, ಒಂದು ಮನೆಯೆಂದ ಮೇಲೆ ಗಂಡಸಿನ ಮಾತು ನಡೆಯುವ ಜಾಗ ಒಂದಾದರೂ ಬೇಡವೇ? ಅಡುಗೆಮನೆ ನನ್ನ ಹೆಂಡತಿ ರಾಡ್ಮಿಲಾಳದು. ಸೋಫಾ ಅತ್ತೆ ಕೊಸಾರಾ ಅವರದು. ನಮ್ಮ ಲೆಸ್ಕೊವಾಟ್ಸ್ ಊರಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಬಾಲ್ಕನಿ ಕೂಡ ಕೆಂಪು ದೊಣ್ಣೆಮೆಣಸಿನಕಾಯಿಯ ಪಾಲು. ಚಳಿಗಾಲದ ಐವಾರ್ ಚಟ್ನಿಗೆ ಅದನ್ನು ಸುಟ್ಟು ಸಿಪ್ಪೆ ಸುಲಿಯುವ ಘನಕಾರ್ಯ ಮಾತ್ರ ನನ್ನದು. ಉಳಿದದ್ದು ಕಂಪ್ಯೂಟರ್ ಒಂದೇ.

ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದವನು ನಾನು. ಮೂವರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಪಾಸ್‌ವರ್ಡ್ ಮಾಡಿಕೊಟ್ಟ ಪುಣ್ಯಾತ್ಮನೂ ನಾನೇ. ಆದರೆ ಅದರ ಮುಂದೆ ಕೂರುವವರು? ಸಂಜೆಯೆಲ್ಲ ಅತ್ತೆ ಇಸ್ಪೀಟು ಆಡುತ್ತಾರೆ. ಅವರು ಎದ್ದರೆ ರಾಡ್ಮಿಲಾ ದೂರದ ಗ್ರಾಟ್ಸ್ ನಗರದಲ್ಲಿರುವ ತಂಗಿಯ ಜೊತೆ ವಿಡಿಯೊ ಹರಟೆಗೆ ಕೂರುತ್ತಾಳೆ. ಭಾನುವಾರ ಆರು ಗಂಟೆಗೆ ನಮ್ಮ ಚೆಸ್ ಸಂಘಕ್ಕೂ ನಿಶ್ ಊರಿನವರಿಗೂ ಆನ್‌ಲೈನ್ ಪಂದ್ಯ. ನಾನು ಮೊದಲ ಬೋರ್ಡಿನ ಆಟಗಾರ! ಹತ್ತು ನಿಮಿಷ ತಡವಾದರೆ ಆಡದೆಯೇ ಸೋತಂತೆ.

"ಅತ್ತೆ, ಭಾನುವಾರ ಸಂಜೆ ಕಂಪ್ಯೂಟರ್ ನಂಗೆ ಬೇಕು."

"ನೋಡೋಣ ಅಳಿಯಂದ್ರೆ, ಎಲೆ ಹೇಗೆ ಬೀಳುತ್ತೋ. ಮೊದ್ಲು ಆ ಕಿಟಕಿ ಹಾಕಿ, ಗಾಳಿ ಹೊಡೆದು ನನ್ನ ಕತ್ತು ಹಿಡ್ಕೊಳ್ಳುತ್ತೆ."

ನೋಡೋಣವಂತೆ! ಭಾನುವಾರ ಬೆಳಿಗ್ಗೆ ಇಬ್ಬರೂ ಸಂತೆಗೆ ಹೋದದ್ದೇ ತಡ, ಪ್ರೋಗ್ರಾಮ್‌ಗಳ ಪಟ್ಟಿಯಾದ ಮೆನುವನ್ನು ತಿದ್ದುವ ಪ್ರೋಗ್ರಾಮನ್ನು ತೆರೆದು ಕ್ರಾಂತಿ ಮಾಡಿದೆ. 'ಆಟಗಳು' ಎಂಬ ವಿಭಾಗದ ಮುಂದಿದ್ದ ಗುರುತು ತೆಗೆದೆ. ಇಸ್ಪೀಟು ಮಾಯ! 'ಇಂಟರ್ನೆಟ್' ಮಾಯ! ಯಾರೂ ಹಿಂದಕ್ಕೆ ತರಬಾರದೆಂದು ಆಜ್ಞೆಗಳನ್ನು ಒತ್ತುವ ಟರ್ಮಿನಲ್, ಸೆಟ್ಟಿಂಗ್ಸ್ ಎಲ್ಲವನ್ನೂ ಅಡಗಿಸಿದೆ. ಕೊನೆಗೆ ಆ ತಿದ್ದುವ ಪ್ರೋಗ್ರಾಮನ್ನೇ ಅಡಗಿಸಿದೆ. (ಇಂಥ ತಲೆ ಸರ್ಕಾರದಲ್ಲಿರಬೇಕಿತ್ತು. ಹೋಗಲಿ ಬಿಡಿ.)

ಅದೇ ಸಂಜೆ ಬಾಲ್ಕನಿಯಲ್ಲಿ ಸಿಪ್ಪೆ ಸುಲಿಯುತ್ತಾ, ಒಳಗಿನಿಂದ ಹಾಹಾಕಾರ ಏಳುವುದನ್ನೇ ಕಾದೆ. ಕೇಳಿಸಿದ್ದು ನಗು. ಇಣುಕಿದರೆ ಅತ್ತೆ ಆರಾಮಾಗಿ ಎಲೆ ಹಾಕುತ್ತಿದ್ದಾರೆ!

"ಇಸ್ಪೀಟು ಎಲ್ಲಿ ಸಿಕ್ತು?" ಎಂದೆ.

"ದಿನಾ ಎಲ್ಲಿರುತ್ತೋ ಅಲ್ಲೇ."

"ಸಾಧ್ಯವೇ ಇಲ್ಲ! ಅದನ್ನ ನಾನು ತೆಗೆದುಹಾಕಿದೀನಿ!"

ರಾಡ್ಮಿಲಾ ಸೊಂಟದ ಮೇಲೆ ಕೈ ಇಟ್ಟಳು. "ಓಹೋ! ಯಾರ ಖಾತೇಲಿ ಕೂತು ತೆಗೆದ್ರಿ?"

"ನನ್ನದರಲ್ಲಿ."

"ಮತ್ತೆ! ನಿಮ್ಮ ಮೆನು ನೀವು ಕಿತ್ತುಹಾಕಿದ್ರೆ ನಮ್ಮದು ಯಾಕ್ರೀ ಹೋಗುತ್ತೆ?"

ಆಗಲೇ ಆರು ಗಂಟೆ. ಅತ್ತೆಯನ್ನು ಎಬ್ಬಿಸಿ ನನ್ನ ಖಾತೆಗೆ ಹೋದೆ. ಚೆಸ್ ಇಲ್ಲ! ಸಂಘದಲ್ಲಿ ನಾವು ಅದನ್ನು ಯುದ್ಧವೆಂದೇ ಕರೆಯುವುದು. ಈ ದರಿದ್ರ ಯಂತ್ರ ಅದನ್ನು 'ಆಟಗಳು' ವಿಭಾಗದಲ್ಲಿ ಇಟ್ಟಿತ್ತೆಂದು ನನಗೇನು ಕನಸು ಬಿದ್ದಿತ್ತೇ? ವಾಪಸ್ ತರೋಣವೆಂದರೆ ತರುವ ದಾರಿಗಳಿಗೆಲ್ಲ ನಾನೇ ಬೇಲಿ ಹಾಕಿದ್ದೆ.

"ನನ್ನ ಖಾತೇಲಿ ಆಡ್ತೀರಾ?" ಅತ್ತೆಯ ಕಣ್ಣಲ್ಲಿ ಕರುಣೆ. ಅದೇ ನನಗೆ ಸಹಿಸಲಾಗದ್ದು.

"ಬೇಡ!"

ಒಂಬತ್ತನೇ ನಿಮಿಷದವರೆಗೂ ಬೇಡವೆಂದೇ ನಿಂತೆ. ಆಮೇಲೆ ಅತ್ತೆ ಮತ್ತೆ ಬಂದು ಕೂತರು; ಅವರ ಖಾತೆಯಲ್ಲಿ ಚೆಸ್ ತೆರೆದು ನನ್ನ ಹೆಸರು ಒತ್ತಿದೆವು. ಕುರ್ಚಿ, ಮೌಸ್ ಎರಡನ್ನೂ ಅವರು ಬಿಡಲಿಲ್ಲ. "ನೀವು ಹೇಳಿ, ನಾನು ನಡೆಸ್ತೀನಿ. ನಿಮ್ಮ ಕೈಯೆಲ್ಲ ಮೆಣಸಿನಕಾಯಿ."

ಅರ್ಧ ಗಂಟೆ ಚೆನ್ನಾಗಿಯೇ ಸಾಗಿತು. ನಾನು ಕುದುರೆಯನ್ನು ಮುಂದಕ್ಕೆ ಬಿಡಿ ಎಂದೆ.

"ಬೇಡಪ್ಪಾ, ಅವನು ಹೊಡೀತಾನೆ."

"ಅತ್ತೆ, ನಿಮಗೆ ಚೆಸ್ ಬರುತ್ತಾ?"

"ಇಲ್ಲ. ಆದ್ರೆ ಅವನ ಆನೆ ಎದುರಿಗೇ ನಿಂತಿದೆ, ಕಾಣಲ್ವಾ?"

"ನನ್ನ ಕುದುರೆ, ನನ್ನಿಷ್ಟ! ಬಿಡಿ ಅಂದ್ರೆ ಬಿಡಿ!"

ಬಿಟ್ಟರು. ಆನೆ ಹೊಡೆಯಿತು. ಆಮೇಲೆ ರಾಜನೂ ಬಹಳ ಹೊತ್ತು ಬಾಳಲಿಲ್ಲ.

ಅತ್ತೆ ಇಸ್ಪೀಟು ತೆರೆಯುತ್ತಾ ಮೆಲ್ಲಗೆ ಕೇಳಿದರು: "ನಿಮ್ಮ ಮೆನು ಸರಿಮಾಡಿಕೊಡ್ಲಾ ಅಳಿಯಂದ್ರೆ?"

"ಬೇಕಾಗಿಲ್ಲ!" ಎಂದು ಗುಡುಗಿದೆ.

ಇವತ್ತಿಗೂ ನನ್ನ ಮೆನುವಿನಲ್ಲಿ ಉಳಿದಿರುವುದು ಕ್ಯಾಲ್ಕುಲೇಟರ್ ಒಂದೇ. ದಿನಾ ಸಂಜೆ ತಲೆಯೆತ್ತಿಕೊಂಡು ಹೋಗಿ, ಎರಡಕ್ಕೆ ಎರಡು ಕೂಡಿಸಿ ಬರುತ್ತೇನೆ.