ದೂರು ವಿಭಾಗಕ್ಕೆ ನಮ್ಮ ಅತ್ತೆಯವರು ನೇಮಕಗೊಂಡ ಬಗ್ಗೆ

ಡೊಮೇನ್ ಮಾರುವ ಕಂಪನಿಯ ಮಾನ್ಯರೇ,

ತಮಗೂ, ತಮ್ಮ ಸರ್ವರುಗಳಿಗೂ, ಅವುಗಳಿಗೆ ಗಾಳಿ ಬೀಸುವ ಫ್ಯಾನುಗಳಿಗೂ ಆಯುರಾರೋಗ್ಯ ಹಾರೈಸುತ್ತ, ಲಿಫ್ಟ್ ರಿಪೇರಿ ಮಾಡಿ ಬದುಕುವ ನಾನು ಈ ದೂರನ್ನು ನಾಲ್ಕು ಜನ ಓದಲೆಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಾಲೇಜಿನ ದಿನಗಳಲ್ಲಿ ಗೆಳತಿಯರ ಒತ್ತಾಯಕ್ಕೆ ಮಾಡಿಕೊಂಡಿದ್ದ 'ಚಿನ್ನಾರಿಗುಬ್ಬಿ' ಎಂಬ ಪುಕ್ಕಟೆ ಇಮೇಲಿನಿಂದಲೇ ನನ್ನ ವ್ಯವಹಾರ ನಡೆಯುತ್ತಿತ್ತು. ದೊಡ್ಡ ಹೋಟೆಲೊಂದರ ಮ್ಯಾನೇಜರು ಅದರಿಂದ ಬಂದ ನನ್ನ ದರಪಟ್ಟಿ ನೋಡಿ ಫೋನು ಮಾಡಿ, "ಅಲ್ಲಮ್ಮಾ, ಗುಬ್ಬಿ ನಂಬ್ಕೊಂಡು ನಮ್ಮ ಗೆಸ್ಟುಗಳನ್ನ ಮೇಲಕ್ಕೆ ಕಳಿಸೋದಾ?" ಎಂದು ನಕ್ಕರು. ಆ ಗುತ್ತಿಗೆ ಕೈತಪ್ಪಿದರೆ ಅಂಗಡಿಗೆ ಬೀಗವೇ ಗತಿ. ಹಾಗಾಗಿ ಅಂದೇ ಅಂಗಡಿಯ ಹೆಸರಿನಲ್ಲೇ ಇಮೇಲು ಹೋಗಲೆಂದು ತಮ್ಮಿಂದ ಡೊಮೇನ್ ಕೊಂಡೆ.

ತಾವು ಮಹಾ ಉದಾರಿಗಳು. ಒಂದೇ ವಿಳಾಸ ಕೇಳಿದವಳಿಗೆ ಎಷ್ಟು ಬೇಕಾದರೂ ಮಾಡಿಕೊಳ್ಳಿ ಎಂದಿರಿ. ಅದು ಮನೆಯವರ ಕಿವಿಗೆ ಬಿದ್ದು, ಆಳಿಗೊಂದು ವಿಳಾಸವಾಗಿ, ಊಟದ ಮೇಜು ಒರೆಸುವಷ್ಟರಲ್ಲಿ ನನ್ನ ಗಂಡ ಲೆಕ್ಕಪತ್ರ ವಿಭಾಗವಾದರು, ಬಸ್ ನಿಲ್ದಾಣದಿಂದಾಚೆ ಹೋಗದ ಮೈದುನ ವಿದೇಶ ವ್ಯವಹಾರವಾದ. ಅತ್ತೆಯವರು ಮಾತ್ರ ಯೋಚಿಸಿ, "ನಂಗೆ ದೂರು ವಿಭಾಗ ಕೊಡಮ್ಮ. ಈ ಮನೇಲಿ ಇಷ್ಟು ವರ್ಷ ಅದನ್ನೇ ತಾನೇ ನೋಡ್ಕೊಂಡಿರೋದು?" ಎಂದರು. ಸ್ಪ್ಯಾನರ್ ಹಿಡಿಯುವವಳು ನಾನೊಬ್ಬಳೇ ಇದ್ದ ಅಂಗಡಿ ನೋಡನೋಡುತ್ತ ಸಂಸ್ಥೆಯಾಯಿತು.

ಹೊಸ ವಿಳಾಸದಿಂದ ಅದೇ ದರಪಟ್ಟಿ ಹೋದದ್ದೇ ತಡ, ಮ್ಯಾನೇಜರು ನಮ್ಮನ್ನು ಪರೀಕ್ಷಿಸಲು ಒಂದು ಲಿಫ್ಟು ಒಪ್ಪಿಸಿದರು. ರಿಪೇರಿಯಾದ ಮೇಲೂ ಬಾಗಿಲು ಕಿರುಗುಟ್ಟುತ್ತಿದೆಯೆಂದು ಕೆಂಡ ಕಾರುತ್ತ ದೂರು ವಿಭಾಗಕ್ಕೆ ಬರೆದರು. ನಾನು ನೋಡುವಷ್ಟರಲ್ಲಿ ಅತ್ತೆಯವರ ಉತ್ತರ ಹೋಗಿಯಾಗಿತ್ತು: "ತಪ್ಪು ನಮ್ಮದೇ ಕಣಪ್ಪ. ಸೊಸೆ ಈಗಲೇ ಬರ್ತಾಳೆ. ಇಷ್ಟು ಸಿಡಿಸಿಡಿ ಅಂತ ಬರ್ದಿದ್ದೀಯಲ್ಲ, ಊಟ ಮಾಡಿದ್ಯೋ ಇಲ್ವೋ?"

ಗುತ್ತಿಗೆಗೆ ಎಳ್ಳುನೀರು ಬಿಟ್ಟು, ಚೀಲ ಹೊತ್ತು ಓಡಿ, ಬಾಗಿಲಿಗೆ ಎಣ್ಣೆ ಹಾಕಿ ತಲೆಯೆತ್ತಿದರೆ ಮ್ಯಾನೇಜರು ಅರ್ಧ ತಿಂದ ಬನ್ನು ಹಿಡಿದು ನಿಂತಿದ್ದರು. "ಊಟ ಮಾಡಿರ್ಲಿಲ್ಲಮ್ಮ. ಇಲ್ಲಿ ಯಾರೂ ಕೇಳೋದೂ ಇಲ್ಲ," ಎಂದವರು ಎಲ್ಲ ಲಿಫ್ಟುಗಳನ್ನೂ ನಮಗೇ ವಹಿಸಿದರು. ಖುಷಿಗೆ ನಾನು ಅದೇ ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡಿಬಿಟ್ಟೆ.

ಆದರೆ ಮಾನ್ಯರೇ, ಈಗ ಆ ಹೋಟೆಲಿನ ಸಿಬ್ಬಂದಿಯೆಲ್ಲ ನಮ್ಮ ದೂರು ವಿಭಾಗಕ್ಕೆ ಬರೆಯುತ್ತಾರೆ. ಅಡುಗೆಯವರ ಸೊಂಟನೋವು, ಕಾವಲುಗಾರನ ಹೆಂಡತಿಯ ಮುನಿಸು ಎಲ್ಲವೂ ಬರುತ್ತವೆ. ಲಿಫ್ಟಿನ ಸುದ್ದಿ ಮಾತ್ರ ಇಲ್ಲ. ಕೆಲಸ ಹೆಚ್ಚಾಯಿತೆಂದು ಅತ್ತೆಯವರು ಸಹಾಯಕಿಯೊಬ್ಬಳನ್ನು ಕೇಳಿದ್ದಾರೆ. ಆ ಸಹಾಯಕಿ ನಾನಂತೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಅತ್ತೆಗಿಂತ ಮೇಲಿನ ಹುದ್ದೆಯಿರುವ ವಿಳಾಸವೊಂದನ್ನು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಹುಡುಕಿ ನನಗೆ ದಯಪಾಲಿಸಬೇಕು.

ತಮ್ಮ ವಿಶ್ವಾಸಿಯೂ,
ಸಂಸ್ಥೆಯ ಒಡತಿಯೂ, ದೂರು ವಿಭಾಗದ ಕಿರಿಯ ಸಹಾಯಕಿಯೂ ಆದವಳು

ಮರೆತ ಮಾತು: ಇದನ್ನು ಮೊದಲು, ತಮ್ಮಿಂದ ಪತ್ರಗಳು ಬರುವ 'ಉತ್ತರಿಸಬೇಡಿ' ಎಂಬ ವಿಳಾಸಕ್ಕೆ ಕಳಿಸಿದ್ದೆ, ಹೋದ ಹಾಗೇ ವಾಪಸಾಯಿತು. ಅದನ್ನು ಕಂಡ ಅತ್ತೆಯವರು, "ಪಾಪ, ಯಾರ ಹತ್ರಾನೂ ಮಾತೇ ಬೇಡ ಅನ್ನೋಷ್ಟು ನೊಂದಿದಾರೆ," ಎಂದು ಮರುಗಿ, ತಮ್ಮ ಕಂಪನಿಯ ಕಚೇರಿ ಎಲ್ಲಿದೆಯೆಂದು ಪತ್ತೆಮಾಡಿ, ಈಗಷ್ಟೇ ಬಸ್ಸು ಹತ್ತಿದ್ದಾರೆ.