ಜಿಂಕೆ ಪೊದೆಯ ಗಂಟೆ

ಕೆ.ಆರ್. ಪೇಟೆ ಕಡೆ ಊರೂರು ತಿರುಗಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವುದು ನನ್ನ ನೌಕರಿ. ಜನ ನನ್ನನ್ನು ಸೂಜಿ ಡಾಕ್ಟರು ಅನ್ನುತ್ತಾರೆ. ಡಾಕ್ಟರಲ್ಲ ಅಂತ ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ. ಮೊದಲು ಮೈ ಜುಮ್ಮೆನ್ನುವುದು, ಆಮೇಲೆ ಮಾನ ಹೋಗುವುದು, ಈ ಕೆಲಸದಲ್ಲಿ ಆಗುತ್ತಲೇ ಇರುತ್ತದೆ. ಆದರೆ ಸಿಂಧಘಟ್ಟದ ಹತ್ತಿರದ ಒಂದು ಊರಿನಲ್ಲಿ ಹತ್ತೇ ದಿನದೊಳಗೆ ಮೂರು ಸಲ ಆಯಿತು.

ಮಧ್ಯಾಹ್ನದ ನೋಟ

ಆ ಊರಿನ ಗೋಮಾಳದಲ್ಲಿ ದನಗಳ ಜೊತೆ ಜಿಂಕೆಗಳೂ ಮೇಯುತ್ತವೆ. ಜೊತೆ ಅಂದರೆ ಬೆರೆಯುವುದಿಲ್ಲ. ದನ ಹತ್ತು ಹೆಜ್ಜೆ ಮುಂದೆ ಬಂದರೆ ಜಿಂಕೆ ಹತ್ತು ಹೆಜ್ಜೆ ಹಿಂದೆ. ಹೊಸ ಬೀಗರ ಹಾಗೆ, ಮರ್ಯಾದೆಯ ದೂರ.

ಮಟಮಟ ಮಧ್ಯಾಹ್ನ ಅಲ್ಲಿಗೆ ಹೋದೆ. ಒಂದು ಮುದಿ ಹಸು ಮೆಲುಕು ನಿಲ್ಲಿಸಿ ಕತ್ತೆತ್ತಿತು. ಮಿಕ್ಕ ದನಗಳೂ ಎತ್ತಿದವು. ಆಚೆ ಜಿಂಕೆಗಳೂ ಎತ್ತಿದವು. ಒಂದು ಬಾಲವೂ ಆಡುತ್ತಿಲ್ಲ. ಅಷ್ಟೂ ಕಣ್ಣು ಒಂದೇ ಕಡೆಗೆ. ಆ ಕಡೆ ಚಿರತೆ ಕಾಟ ಬೇರೆ, ಅದು ನನ್ನ ಬೆನ್ನ ಹಿಂದೆಯೇ ಇದೆ ಅಂದುಕೊಂಡು ಬೆವತುಹೋದೆ.

"ಚಿರತೆ ಎಲ್ಲಯ್ಯಾ?" ಅಂತ ದನ ಕಾಯುವವನನ್ನು ಪಿಸುಗುಟ್ಟಿ ಕೇಳಿದೆ.

"ಯಾವ ಚಿರ್ತೆ ಸಾ? ಅವು ನಿಮ್ಮನ್ನೇ ನೋಡ್ತಾವೆ. ಓದ್ ಸಲ ಸೂಜಿ ಚುಚ್ಚಿದ್ರಲ್ಲಾ, ದನ ಮರ್ತಿಲ್ಲ."

"ಸರಿ, ಜಿಂಕೆಗೆ ನಾನೇನು ಮಾಡಿದ್ದೆ?"

"ದನ ಯೋಳಿರ್ತಾವೆ ಬುಡಿ."

ಹಸಿದ ದೇವರು

ಅದೇ ಊರಿನ ಒಬ್ಬ ಅಜ್ಜಿಯ ಕಡಸು ಕಾಣೆಯಾಗಿತ್ತು. ಚೊಚ್ಚಲು ಗಬ್ಬ. ಅಜ್ಜಿಗೆ ಇದ್ದದ್ದು ಅದೊಂದೇ. ಚಿರತೆ ಎಳೆದುಕೊಂಡು ಹೋಯಿತು ಅಂತ ಊರೇ ಹೇಳಿತು. ಅಜ್ಜಿ ಒಪ್ಪಲಿಲ್ಲ.

ಆಗಲೇ ಕೆರೆಯಂಚಿನ ಮುಳ್ಳುಪೊದೆಯಿಂದ ಗಂಟೆ ಸದ್ದು ಶುರುವಾಯಿತು. ಅಲ್ಲಿರುವುದು ಜಿಂಕೆಗಳು. ಬೆಳಗಿನ ಮಂಜಿನಲ್ಲಿ ಅವು ಒಂದೊಂದಾಗಿ ಹೊರಬರುತ್ತಿದ್ದವು, ಯಾವುದರ ಕೊರಳಲ್ಲೂ ಗಂಟೆಯಿಲ್ಲ. ಎಲ್ಲವೂ ಬಂದ ಮೇಲೂ ಪೊದೆಯೊಳಗೆ ಠಣ್, ಠಣ್. ನಾನೇ ಕಿವಿಯಾರೆ ಕೇಳಿ ಬೈಕು ತಿರುಗಿಸಿದ್ದೇನೆ. ಅಮ್ಮ ನೆಲೆಸಿದ್ದಾಳೆ, ಒಳಗೆ ಯಾರೂ ಕಾಲಿಡಕೂಡದು ಅಂತ ಊರು ಕಟ್ಟು ಮಾಡಿತು. ಪೊದೆಯ ಮುಂದಿನ ಕಲ್ಲಿಗೆ ಅರಿಶಿನ ಕುಂಕುಮ ಬಿತ್ತು.

ಅಜ್ಜಿಗೆ ಕಿವಿ ಮಂದ. ಗಂಟೆ ಕೇಳಿದವಳಲ್ಲ, ಕೇಳಿದವರನ್ನು ನಂಬಿದವಳು. ದಿನಾ ಸಂಜೆ ಬಾಳೆಲೆಯಲ್ಲಿ ತಂಬಿಟ್ಟು ಇಟ್ಟು, "ತಾಯಿ, ನನ್ ಕಡ್ಸ ನಂಗೆ ಕೊಟ್ಬುಡು" ಅಂತ ಕೈ ಮುಗಿಯುತ್ತಿದ್ದಳು. ಬೆಳಿಗ್ಗೆ ನೋಡಿದರೆ ತಂಬಿಟ್ಟೂ ಇಲ್ಲ, ಎಲೆಯೂ ಇಲ್ಲ.

"ಅಮ್ಮ ಎಲೇನೂ ತಿಂತಾಳೇನಜ್ಜಿ?" ಅಂತ ಜೋರಾಗಿ ಕೇಳಿದೆ.

"ಬಾಳ ಅಸ್ದಿರೋ ದೇವ್ರು ಕಣಪ್ಪಾ" ಅಂದಳು.

ಮಂಜಿನಲ್ಲಿ ಬಂದವಳು

ತಂಬಿಟ್ಟು ಇಡಲು ಶುರುವಾಗಿ ಎಂಟು ದಿನ ಕಳೆದ ಮೇಲೆ, ಬೆಳಿಗ್ಗೆ ಲಸಿಕೆಗೆ ಹೋದವನನ್ನು ಅಜ್ಜಿ ಪೊದೆಯ ತನಕ ಜೊತೆಗೆ ಕರೆದಳು. ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಮಂಜು ಕವಿದಿತ್ತು. ಜಿಂಕೆಗಳು ನಮ್ಮನ್ನು ನೋಡಿಯೂ ಓಡಲಿಲ್ಲ. ಕಲ್ಲಿನ ಹಿಂದೆ ಹುಲ್ಲಿನಲ್ಲಿ ಒಂದು ಮರಿ ಕತ್ತು ಚಾಚಿ ಮಲಗಿತ್ತು. ಕಣ್ಣು ತೆರೆದೇ ಇದೆ, ಅಲುಗಾಟವಿಲ್ಲ. ಜಿಂಕೆ ಮರಿ ಸತ್ತಿದೆ ಪಾಪ ಅಂತ ಬಗ್ಗಿ ಮುಟ್ಟಿದೆ.

"ಅಂಬಾ!" ಅಂದಿತು.

ನನ್ನ ನೌಕರಿಯಲ್ಲಿ ಜಿಂಕೆ ಅಂಬಾ ಅಂದದ್ದನ್ನು ನಾನು ಕೇಳಿರಲಿಲ್ಲ. ಲಸಿಕೆ ಪೆಟ್ಟಿಗೆ ಬಿಸಾಕಿ ಅಜ್ಜಿಯ ಬೆನ್ನ ಹಿಂದೆ ನಿಂತೆ.

ಪೊದೆಯೊಳಗೆ ಠಣ್ ಅಂದಿತು. ಜಿಂಕೆಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಮಂಜಿನೊಳಗಿಂದ ನಿಧಾನಕ್ಕೆ ಬಂದಳು ಅಮ್ಮ: ಮೂತಿಗೆ ಕುಂಕುಮ, ತುಟಿಗೆ ಒಣಗಿದ ತಂಬಿಟ್ಟು, ಕೊರಳಿಗೆ ಗಂಟೆ. ಅಜ್ಜಿಯ ಕಡಸು! ಪೊದೆಯಲ್ಲೇ ಈದು, ಜಿಂಕೆಗಳು ಮರಿ ಬಚ್ಚಿಡುವ ಹಾಗೆ ಕರುವನ್ನು ಹುಲ್ಲಿನಲ್ಲಿ ಬಚ್ಚಿಟ್ಟಿತ್ತು.

ಅಜ್ಜಿ ಅದರ ಕೊರಳು ತಬ್ಬಿ ಗೊಳೋ ಅಂತ ಅತ್ತಳು. ನನ್ನ ಕಣ್ಣಲ್ಲೂ ನೀರು. ಆಮೇಲೆ ಅದರ ಮೂತಿಯ ಕುಂಕುಮ ಕಂಡದ್ದೇ ತಡ, ಒಂದು ಏಟು ಕೊಟ್ಟಳು.

"ನನ್ ಕಡ್ಸ ಕೊಡು ತಾಯಿ ಅಂತ ಎಂಟ್ ದಿವ್ಸ ನಿಂಗೇ ಕೈ ಮುಗ್ದೆನಲ್ಲೇ, ಮುಂಡೇದೇ!"